ಮೆಟ್ಟುಗಲ್ಲಿನ ಪಕ್ಕ

ಮುಖ ನೋಡಿ ಮಣೆ ಹಾಕುವುದು ಒಳಗಿನವರ ಕೆಲಸ.
ನಾನು ಇಸಾಬುರೊ, ಬಾಗಿಲಿನವನು,
ಮೆಟ್ಟು ನೋಡುತ್ತೇನೆ.

ಕಾಕೆಹಿ ಬಿಡದಿಗೆ ಬಂದವರು
ಈ ಚಪ್ಪಟೆ ಕಲ್ಲಿನ ಮೇಲೆ ಕಳಚಿಟ್ಟು
ತತಾಮಿ ಚಾಪೆಗೆ ಕಾಲಿಟ್ಟೊಡನೆ ಮರೆತುಬಿಡುವುದನ್ನು
ನಲವತ್ತಮೂರು ವರ್ಷ ನೆನಪಿಟ್ಟುಕೊಂಡೆ.
ಚೀಟಿ ಅಂಟಿಸಿದವನಲ್ಲ.
ಒಬ್ಬರದನ್ನು ಇನ್ನೊಬ್ಬರ ಮುಂದೆ ಇಟ್ಟವನಲ್ಲ.
(ಒಂದು ಸಲ ಇಟ್ಟೆ. ಅವರು ಅವಳಿಗಳು. ಲೆಕ್ಕಕ್ಕಿಲ್ಲ.)

ಪಟ್ಟಿ ಹಿಡಿದೇ ಇಳಿಯುತ್ತಾರೆ ಬಸ್ಸಿನಿಂದ:
ಬೆಳಿಗ್ಗೆ ಸಾವಿರ ಮೆಟ್ಟಿಲಿನ ಗುಡಿ,
ಹತ್ತಕ್ಕೆ ಜಲಪಾತ, ಸೇತುವೆ ಬದಿಯಲ್ಲಿ ಸೋಬಾ,
ಮೂರಕ್ಕೆ ಮಠದ ಮರಳಂಗಳ,
ಐದೂವರೆಗೆ ಬಿಸಿನೀರು.
'ಯಾವುದು ಮೊದಲು ನೋಡಬೇಕು, ನೀವು ಹೇಳಿ.'
ಕೈಯೆತ್ತಿ ದಿಕ್ಕು ತೋರಿಸುತ್ತೇನೆ,
ನೋಡಿದವನ ಹಾಗೆ.

ನೋಡಿಲ್ಲ.
ಹಗಲೆಲ್ಲ ಬಾಗಿಲು, ರಾತ್ರಿ ಗುಡಿಗೆ ಬೀಗ.
ಆದರೂ ಸಂಜೆ ಒಂದೊಂದೇ ಬೂಟು ಮಗುಚಿದರೆ
ಊರೆಲ್ಲ ಅಲ್ಲೇ ಅಂಟಿಕೊಂಡಿರುತ್ತದೆ.
ಜಲಪಾತದ ದಾರಿಯ ಕೆಮ್ಮಣ್ಣು
ಒಣಗಿದ ಮೇಲೆ ಬಿಲ್ಲೆಬಿಲ್ಲೆಯಾಗಿ ಏಳುತ್ತದೆ.
ಗುಡಿಯ ದೇವದಾರಿನ ಸೂಜಿ ಹಿಮ್ಮಡಿಯ ಸಂದಿಯಲ್ಲಿ.
ಮರಳಂಗಳದ ಬಿಳಿ ಹರಳು ತುಳಿಯುವಂತಿಲ್ಲ,
ತುಳಿದವರು ಯಾರೆಂದು ನನಗೊಬ್ಬನಿಗೇ ಗೊತ್ತು.
ಚಹದ ಹಳೆ ಡಬ್ಬಿಯಲ್ಲಿ ಕೂಡಿಡುತ್ತೇನೆ.
ವರ್ಷಕ್ಕೊಮ್ಮೆ ಮಠದ ಹುಡುಗ ಬಂದು
ಏನೂ ಕೇಳದೆ ಒಯ್ಯುತ್ತಾನೆ.

ಎಂಥೆಂಥವರು!
ದೋಣಿಯಷ್ಟು ಬೂಟಿನ ಡಚ್ಚನೊಬ್ಬ
ದಿನಕ್ಕೆ ಮೂರು ಸಲ ತೊಲೆಗೆ ಹಣೆ ಜಜ್ಜಿಕೊಂಡು
ತೊಲೆಯ ಕ್ಷಮೆ ಕೇಳುತ್ತಿದ್ದ.
ಶೌಚದ ಚಪ್ಪಲಿಯಲ್ಲೇ ಊಟದ ಕೋಣೆಗೆ
ಗಂಭೀರವಾಗಿ ನಡೆದುಬಂದರು ಒಬ್ಬ ನ್ಯಾಯಾಧೀಶೆ.
ಯಾರೂ ನೋಡಲಿಲ್ಲ.
ನೋಡದಿರುವುದೂ ಇಲ್ಲಿ ಉಪಚಾರ.
ಹೊಸ ಮದುವೆಯವರು ಒಂದರ ಮೇಲೊಂದು ಎಸೆದ ಜೋಡುಗಳನ್ನು
ಬಿಡಿಸಲು ಮನಸ್ಸಾಗದೆ
ಹಾಗೇ ಎತ್ತಿ ಕಪಾಟಿನಲ್ಲಿಟ್ಟೆ.

ಈ ಹಿಮಕ್ಕೆ ಮುಂಚೆ ಬಾಗಿಲು ಹಾಕುತ್ತಾರೆ.
ಕೊಳವೆ ತುಕ್ಕು, ಮಾಡು ಸೋರುತ್ತದೆ,
ಮಗಳಿಗೆ ಬೇಡ. ತಪ್ಪು ಯಾರದೂ ಅಲ್ಲ.
ಕೊನೆಯ ಅತಿಥಿ ಹೋದ ಸಂಜೆ ಒಡತಿ ಶಿಗೆನೊ
'ಇವತ್ತು ನೀವು ಬನ್ನಿ,' ಎಂದರು, 'ಮುಂಬಾಗಿಲಿನಿಂದ.'
ನನ್ನ ರಬ್ಬರ್ ಬೂಟಿನ ಮುಂದೆ ಮಂಡಿಯೂರಿದರು.
ಎಡಗಡೆಯದಕ್ಕೆ ಸೈಕಲ್ ಟ್ಯೂಬಿನ ತೇಪೆ ಇತ್ತು.

ಹೊಳೆಯ ಕಡೆಯ ಮೂಲೆ ಕೋಣೆ.
ಅದರ ಬಾಡಿಗೆ ಬಲ್ಲೆ, ಒಳಗು ಕಂಡಿರಲಿಲ್ಲ.
ಗೋಡೆಯ ಗೂಡಿನಲ್ಲಿ ಒಂದೇ ಹೂವು,
ಅದೂ ಅರ್ಧ ಅರಳಿದ್ದು.
ಹದಿನೇಳು ಪುಟ್ಟ ಬಟ್ಟಲು, ಒಂದೊಂದರಲ್ಲೂ ಒಂದೊಂದು ತುತ್ತು:
ಬೆಟ್ಟದ ಸೊಪ್ಪು, ಹೊಳೆಮೀನು, ಹೆಸರು ತಿಳಿಯದ ಗೆಡ್ಡೆ.
ಎಣಿಸಿದಷ್ಟು ತಿನ್ನಲಿಲ್ಲ.
ಬಿಸಿನೀರಿಗಿಳಿದಾಗ ಮಂಡಿ
ನನಗಿಂತ ಮೊದಲು 'ಹಾ' ಎಂದಿತು.
ಅಂಗಳದ ಬಿದಿರ ದೋಣಿಯ ನೀರು
ಒಳಗಿನವರ ಕಿವಿಗೆ ಇಷ್ಟು ಮೆಲ್ಲಗೆ ಬೀಳುತ್ತದೆಯೇ?
ಬಾಗಿಲಲ್ಲಿ ಅದು ಗದರುತ್ತಿತ್ತು.

ಇನ್ನೊಬ್ಬರು ಹಾಸಿದ ಹಾಸಿಗೆಯಲ್ಲಿ ನಿದ್ದೆ ಹತ್ತಲಿಲ್ಲ.
ಎರಡು ಗಂಟೆಗೆ, ಗೋಡೆ ತಡವುತ್ತ, ಬಾಗಿಲಿಗೆ ಬಂದೆ.
ಬೂಟು ತಿರುಗಿಸಬೇಕಿತ್ತು. ರೂಢಿ.
ಹೋಗುವವರು ಮತ್ತೆ ಹಿಂದಿರುಗಿ ನಿಲ್ಲಬಾರದು.
ಆಗಲೇ ತಿರುಗಿಸಿತ್ತು: ತೊಳೆದು, ಒರೆಸಿ,
ಮೂತಿ ಹೊರಗೆ.
ಎಡದ್ದು ಮಾತ್ರ ನಾಲ್ಕು ಬೆರಳು ಮುಂದೆ.
ನನ್ನ ಎಡಮಂಡಿ ಪೂರ್ತಿ ಮಡಿಯುವುದಿಲ್ಲ.
ಯಾರಿಗೂ ಹೇಳಿರಲಿಲ್ಲ.

ಈಗ ಮುನ್ನೂರ ಹನ್ನೆರಡನೆಯ ಮೆಟ್ಟಿಲಿನಲ್ಲಿ ಕೂತಿದ್ದೇನೆ.
ಮಿಕ್ಕದ್ದು ಮೇಲಿದೆ, ಇರಲಿ.
ಏದುಸಿರು ಬಿಡುತ್ತ ಯಾರೋ ಪ್ರವಾಸಿ ಹುಡುಗಿ
'ಮೇಲೆ ಏನಿದೆ, ಅಜ್ಜ?' ಎಂದಳು.
'ಗೊತ್ತಿಲ್ಲ, ನೀನು ಬಂದು ಹೇಳು' ಎಂದೆ.
ಮೊದಲ ಸಲ ನಿಜ ಹೇಳಿದ್ದು.
ಅವಳು ಹೋದ ಮೇಲೆ
ಬೂಟು ಮಗುಚಿ ನೋಡಿದೆ:
ಹಿಮ್ಮಡಿಯ ಸಂದಿಯಲ್ಲಿ, ಹಸಿರಾಗಿ,
ಒಂದು ಸೂಜಿ.
ಕೀಳಲಿಲ್ಲ.